ಪ್ರಶ್ನಾವಳಿಯ ಅಂಕ ನೋಡಿ ಗಣಿತ ಬಿಡಬೇಡಿ

ಬಿ.ಇಡಿ. ಮೊದಲ ವರ್ಷದ ಬಹುಬುದ್ಧಿಮತ್ತೆ (ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎಂಬ ವಾದ) ಪ್ರಶ್ನಾವಳಿಯಲ್ಲಿ ಸಂಗೀತಕ್ಕೆ 42, ತರ್ಕ-ಗಣಿತಕ್ಕೆ 27 ಬಂದಿದೆ, ಗಣಿತ ಬೋಧನಾ ವಿಷಯ ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಏಳು ಬುದ್ಧಿಮತ್ತೆಗಳನ್ನು ಮುಂದಿಟ್ಟರು, ನಿಸರ್ಗವನ್ನು ಗುರುತಿಸುವ ಬುದ್ಧಿಮತ್ತೆ ಆಮೇಲೆ ಸೇರಿತು. ನೀವು ತುಂಬಿದ ಪ್ರಶ್ನಾವಳಿ ವೃತ್ತಿ ಆರಿಸಿಕೊಡುವ ಪರೀಕ್ಷೆಯಲ್ಲ. ‘ಲೆಕ್ಕ ಬಿಡಿಸುವುದು ನನಗಿಷ್ಟ’ ಎಂಬಂಥ ವಾಕ್ಯಗಳಿಗೆ 1ರಿಂದ 5ರವರೆಗೆ ಅಂಕ ಕೊಡುವವರು ನೀವೇ. ಹಾಗಾಗಿ ಅಲ್ಲಿ ಸಿಗುವುದು ಒಲವಿನ ಅಂದಾಜು, ಸಾಮರ್ಥ್ಯದ ಅಳತೆಯಲ್ಲ. ಹಿಂದಿನ ವಾರ ಟೆಸ್ಟ್ ಕೆಟ್ಟಿದ್ದರೆ ಕೈ ತಾನಾಗಿ 2ರ ಕಡೆ ಹೋಗುತ್ತದೆ. ಮೂರು ವಾರ ಬಿಟ್ಟು, ಹಳೆಯ ಹಾಳೆ ನೋಡದೆ ಮತ್ತೆ ತುಂಬಿ ಹೋಲಿಸಿ.

ಅದಕ್ಕಿಂತ ಗಟ್ಟಿ ಪುರಾವೆ ಪದವಿಯ ಗಣಿತದ ಅಂಕಗಳಲ್ಲಿ, ಸೂಕ್ಷ್ಮಬೋಧನೆಯ (ಕೆಲವೇ ನಿಮಿಷದ ಅಭ್ಯಾಸ ಪಾಠದ) ವೀಕ್ಷಣಾ ಹಾಳೆಯಲ್ಲಿದೆ. (ಎ+ಬಿ)ಯ ವರ್ಗ ಬಿಡಿಸುವಾಗ ಮಗು ನಡುವಿನ 2ಎಬಿ ಬಿಟ್ಟರೆ, ಯಾಕೆ ಬಿಟ್ಟಿತೆಂದು ಹಿಡಿದು, ಚೌಕ ಬರೆದು ತೋರಿಸಲು ನಿಮಗೆ ಬರುತ್ತದೆಯೇ? ಗಣಿತ ಶಿಕ್ಷಕರಿಗೆ ಬೇಕಾದದ್ದು ಮುಖ್ಯವಾಗಿ ಅದು.

ಗಣಿತ ಬಿಟ್ಟರೂ, ಪದವಿಯಲ್ಲಿ ಓದದ ವಿಷಯವನ್ನು ಬೋಧನಾ ವಿಷಯವಾಗಿ ಸಾಮಾನ್ಯವಾಗಿ ಕೊಡುವುದೂ ಇಲ್ಲ. ನೇಮಕಾತಿಯಲ್ಲೂ ಪದವಿಯ ವಿಷಯ ನೋಡುತ್ತಾರೆ.

ಸಂಗೀತವನ್ನು ಪಾಠದೊಳಗೇ ತನ್ನಿ. ಕರ್ನಾಟಕ ಸಂಗೀತದ ಆದಿತಾಳದ 8 ಅಕ್ಷರಗಳನ್ನು (ಎಣಿಕೆಗಳನ್ನು) 4, 2, 2 ಎಂದು ಕೈಯಲ್ಲಿ ಹಾಕಿಸಿದರೆ ಅರ್ಧ, ಕಾಲು, ಕಾಲು ಸೇರಿ ಒಂದಾಗುವುದು ಮಕ್ಕಳಿಗೆ ಸಲೀಸಾಗಿ ಹತ್ತುತ್ತದೆ.