ತಲೆಬುರುಡೆಯ ತಳದಲ್ಲಿ ಬಿರುಕು: ಆಪರೇಷನ್ ಬೇಡ ಅಂದ ಮೇಲೆ ಮನೆಯವರು ಏನು ನೋಡಿಕೊಳ್ಳಬೇಕು?

ನಿಮ್ಮ ತಮ್ಮ ಬೈಕಿನಿಂದ ಬಿದ್ದಿದ್ದಾರೆ. ಸ್ಕ್ಯಾನ್‌ನಲ್ಲಿ ತಲೆಬುರುಡೆಯ ತಳದಲ್ಲಿ ಬಿರುಕು ಕಂಡಿದೆ, ಆಪರೇಷನ್ ಬೇಡ ಅಂದಿದ್ದಾರೆ. ಈಗ ಮೂರನೇ ದಿನಕ್ಕೆ ಕಿವಿ ಹಿಂದೆ ಕಪ್ಪಗಾಗಿದೆ, ಒಂದು ಕಿವಿ ಸರಿಯಾಗಿ ಕೇಳ್ತಿಲ್ಲ, ಊಟದ ವಾಸನೆ ಗೊತ್ತಾಗ್ತಿಲ್ಲ. ಪೆಟ್ಟು ಹೆಚ್ಚಾಗ್ತಿದೆಯಾ ಅಂತ ಕೇಳಿದ್ದೀರಿ. ನಾನು ತಲೆಗೆ ಪೆಟ್ಟು ಬಿದ್ದವರ ವಾರ್ಡಿನಲ್ಲಿ ನರ್ಸ್. ಈ ಪ್ರಶ್ನೆಯನ್ನು ಮನೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ.

ಮೊದಲು ಆ ಕಪ್ಪು ಕಲೆ. ಅದು ಹೊಸ ಪೆಟ್ಟಲ್ಲ. ಮೂಳೆ ಬಿರುಕು ಬಿಟ್ಟಾಗ ಒಳಗೆ ಸೋರಿದ ರಕ್ತ ನಿಧಾನವಾಗಿ ಚರ್ಮದ ಕೆಳಗೆ ಬರುತ್ತದೆ. ಹಾಗಾಗಿ ಕಿವಿ ಹಿಂದೆ ಒಂದೆರಡು ದಿನ ತಡವಾಗಿಯೇ ಕಾಣಿಸುತ್ತದೆ. ಬಿರುಕು ಮುಂಭಾಗದಲ್ಲಿದ್ದರೆ ಎರಡೂ ಕಣ್ಣಿನ ಸುತ್ತ ಕಪ್ಪಾಗುತ್ತದೆ. ತಾನಾಗಿಯೇ ಇಳಿಯುತ್ತದೆ, ಏನೂ ಹಚ್ಚಬೇಡಿ.

ಬಿರುಕು ಕೂಡ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಆದರೆ "ಆಪರೇಷನ್ ಬೇಡ" ಅಂದ ಕೂಡಲೇ ಮನೆಯವರು "ಏನೂ ಆಗಿಲ್ಲ" ಅಂದುಕೊಂಡುಬಿಡುತ್ತಾರೆ. ಅದೇ ನನಗೆ ಭಯ. ತಳದ ಮೂಳೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಕಣ್ಣು, ಕಿವಿ, ಮುಖ, ಮೂಗಿನ ನರಗಳು, ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ಎಲ್ಲ ಅಲ್ಲಿಂದಲೇ ಹಾದುಹೋಗುತ್ತವೆ. ಮೆದುಳಿನ ಪೊರೆ ಆ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮೂಳೆ ಸೀಳಿದಾಗ ಪೊರೆಯೂ ಹರಿಯಬಹುದು. ಆಗ ಮೆದುಳಿನ ಸುತ್ತ ಇರುವ ನೀರು ಮೂಗಿಂದಲೋ ಕಿವಿಯಿಂದಲೋ ಸೋರುತ್ತದೆ.

ಈ ನೀರನ್ನು ಎಷ್ಟೋ ಜನ ನೆಗಡಿ ಅಂದುಕೊಂಡು ಸುಮ್ಮನಾಗುತ್ತಾರೆ. ನೆಗಡಿಯ ನೀರು ಸಾಮಾನ್ಯವಾಗಿ ಅಂಟಂಟಾಗಿರುತ್ತದೆ. ಇದು ತಿಳಿಯಾಗಿ, ಹೆಚ್ಚಾಗಿ ಒಂದೇ ಹೊಳ್ಳೆಯಿಂದ, ಮುಂದೆ ಬಗ್ಗಿದಾಗ ಟಪ್ ಟಪ್ ಅಂತ ಬೀಳುತ್ತದೆ. ಮಲಗಿದಾಗ ಗಂಟಲಿಗೆ ಇಳಿದು ಉಪ್ಪುಪ್ಪು ಅನಿಸುತ್ತದೆ. ಬೆಳಿಗ್ಗೆ ದಿಂಬು ಒದ್ದೆಯಾಗಿರಬಹುದು. ಹಾಗೇನಾದರೂ ಕಂಡರೆ ಒಂದು ಸಣ್ಣ ಶುದ್ಧ ಡಬ್ಬಿಯಲ್ಲಿ ಹಿಡಿದಿಟ್ಟು ಅವತ್ತೇ ಡಾಕ್ಟರಿಗೆ ತೋರಿಸಿ. ಬೀಟಾ-2 ಟ್ರಾನ್ಸ್‌ಫೆರಿನ್ ಅನ್ನೋ ಪರೀಕ್ಷೆಯಿಂದ ಅದು ಮೆದುಳಿನ ನೀರೇ ಅಂತ ಗೊತ್ತಾಗುತ್ತದೆ. ಹತ್ತಿ ತುರುಕಬೇಡಿ, ಕಿವಿಗೆ ಎಣ್ಣೆಯಾಗಲಿ ಡ್ರಾಪ್ಸ್ ಆಗಲಿ ನೀವಾಗಿ ಹಾಕಬೇಡಿ. ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದಬಾರದು. ಸೀನು ಬಂದರೆ ಬಾಯಿ ತೆರೆದು ಸೀನಲಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕಿದರೆ ತಲೆಯೊಳಗಿನ ಒತ್ತಡ ಏರುತ್ತದೆ. ತಲೆಕಡೆ ಎತ್ತರಿಸಿ ಮಲಗಿಸಿ. ಬಹುಪಾಲು ಸೋರಿಕೆ ಒಂದು ವಾರದ ಆಸುಪಾಸಿನಲ್ಲಿ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಬೆನ್ನಿನಿಂದ ನೀರು ಇಳಿಸುವುದು, ಇಲ್ಲವೇ ಮೂಗಿನ ಮೂಲಕ ಎಂಡೋಸ್ಕೋಪಿ ಮಾಡಿ ಹರಿದ ಜಾಗ ಮುಚ್ಚುವುದು, ಹೀಗೆ ದಾರಿಗಳಿವೆ.

ನೀರು ಹೊರಗೆ ಬರುವ ದಾರಿಯಲ್ಲೇ ರೋಗಾಣು ಒಳಗೂ ಹೋಗಬಹುದು, ಅಲ್ವಾ? ಅದರಿಂದ ಮೆದುಳಿನ ಪೊರೆಗೆ ಆಗುವ ಸೋಂಕೇ ಮೆನಿಂಜೈಟಿಸ್. ವಾರಗಳ ನಂತರ ಬರಬಹುದು, ಕೆಲವರಿಗೆ ವರ್ಷಗಳ ನಂತರವೂ ಬಂದಿದೆ. ಜ್ವರ, ಕತ್ತು ಬಿಗಿಯುವುದು, ಬೆಳಕು ನೋಡಲಾಗದಂಥ ತಲೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. "ಆಂಟಿಬಯಾಟಿಕ್ ಯಾಕೆ ಕೊಡಲಿಲ್ಲ?" ಅಂತ ಕೆಲವರು ಡಾಕ್ಟರ ಮೇಲೆ ಸಿಟ್ಟಾಗುತ್ತಾರೆ. ಮುಂಜಾಗ್ರತೆಗೆ ಅಂತ ಕೊಟ್ಟರೆ ಲಾಭವಿದೆ ಅನ್ನೋದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಈ ಸೋಂಕು ತರುವ ಒಂದು ರೋಗಾಣುವಿನ ವಿರುದ್ಧ ಕೊಡುವ ನ್ಯುಮೋಕಾಕಲ್ ಲಸಿಕೆ ಬೇಕಾ ಅಂತ ಮಾತ್ರ ಖಂಡಿತ ಕೇಳಿ.

ಕಿವಿ ಮಂದವಾಗುವುದಕ್ಕೆ ಎಲ್ಲರಲ್ಲೂ ಒಂದೇ ಕಾರಣ ಇರುವುದಿಲ್ಲ. ಕಿವಿಯ ತಮಟೆಯ ಹಿಂದೆ ರಕ್ತ ನಿಂತಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ಪುಟ್ಟ ಮೂಳೆಗಳು ಜಾರಿದ್ದರೆ ಮುಂದೆ ಆಪರೇಷನ್ ಮಾಡಬಹುದು. ಒಳಕಿವಿಗೇ ಬಿರುಕು ಹೋಗಿದ್ದರೆ ಕೇಳಿಸುವುದು ಪೂರ್ತಿ ವಾಪಸ್ ಬರುವುದು ಕಷ್ಟ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ತಲೆ ಗಿರ್ರನೆ ತಿರುಗಿದರೆ ಅದನ್ನೂ ಹೇಳಿ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಎಷ್ಟೋ ಸಲ ಸರಿಮಾಡುತ್ತಾರೆ.

ದಿನಕ್ಕೆರಡು ಸಲ ಅವರಿಗೆ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ ಅಂತ ಹೇಳಿ ನೋಡಿ. ಬಾಯಿ ಒಂದು ಕಡೆ ಎಳೆದರೆ ಅಥವಾ ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ ಮುಖದ ನರಕ್ಕೆ ತೊಂದರೆಯಾಗಿದೆ. ಅದು ಯಾವ ದಿನ ಶುರುವಾಯ್ತು ಅಂತ ಬರೆದಿಡಿ. ಪೆಟ್ಟು ಬಿದ್ದ ಕ್ಷಣಕ್ಕೇ ಬಂದ ದೌರ್ಬಲ್ಯಕ್ಕಿಂತ ದಿನಗಳ ನಂತರ ಬಂದದ್ದು ಚೆನ್ನಾಗಿ ವಾಸಿಯಾಗುತ್ತದೆ. ಚಿಕಿತ್ಸೆ ನಿರ್ಧಾರಕ್ಕೆ ಈ ಮಾಹಿತಿ ತುಂಬಾ ಮುಖ್ಯ.

ವಾಸನೆಯ ವಿಷಯ ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ, ನನಗೆ ಅದು ಬೇಸರ. ವಾಸನೆಯ ನರದ ಎಳೆಗಳು ಮೂಗಿನ ಮೇಲಿನ ಜರಡಿಯಂಥ ಮೂಳೆಯಿಂದ ಹಾದುಬರುತ್ತವೆ. ಪೆಟ್ಟಿಗೆ ತುಂಡಾಗಬಹುದು. ಕೆಲವರಿಗೆ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ಗೊತ್ತಾದರೂ ಊಟ ಸಪ್ಪೆ. ಅರ್ಧ ತಟ್ಟೆ ಬಿಟ್ಟು ಎದ್ದರೆ "ಸುಮ್ನೆ ಹಠ ಮಾಡ್ತೀಯಾ" ಅಂತ ಬೈಯಬೇಡಿ. ಗ್ಯಾಸ್ ಸೋರಿದರೂ, ಅಡುಗೆ ಹಳಸಿದರೂ ಅವರಿಗೆ ಗೊತ್ತಾಗುವುದಿಲ್ಲ. ಅವರನ್ನು ಒಬ್ಬರನ್ನೇ ಅಡುಗೆಮನೆಗೆ ಬಿಡುವ ಮೊದಲು ಇದನ್ನು ಯೋಚಿಸಿ.

ಎಬ್ಬಿಸಿದರೂ ಏಳದಷ್ಟು ಮಂಪರು, ನಿಲ್ಲದ ವಾಂತಿ, ಫಿಟ್ಸ್, ದೃಷ್ಟಿ ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ಕೆಂಪಾಗಿ ಉಬ್ಬಿ ತಲೆಯಲ್ಲಿ ನಾಡಿಯಂತೆ ಸದ್ದು ಕೇಳುವುದು, ವಿಪರೀತ ಬಾಯಾರಿಕೆ ಮತ್ತು ಮೂತ್ರ. ಇದರಲ್ಲಿ ಯಾವುದಾದರೂ ಒಂದು ಕಂಡರೂ ತಕ್ಷಣ ಆಸ್ಪತ್ರೆ.

ಇನ್ನೊಂದು. ಯಾವ ಕಾರಣಕ್ಕೆ ಬೇರೆ ಆಸ್ಪತ್ರೆಗೆ ಸೇರಿಸಿದರೂ, ಬಿರುಕಿನ ವಿಷಯ ಮೊದಲೇ ಹೇಳಿ. ಗೊತ್ತಿಲ್ಲದೆ ಮೂಗಿನಿಂದ ಟ್ಯೂಬ್ ಹಾಕಿದರೆ ಅದು ಬಿರುಕಿನಿಂದ ತಲೆಯೊಳಗೇ ಹೋಗುವ ಅಪಾಯವಿದೆ. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ರಿಪೋರ್ಟಿನ ಫೋಟೋ ಮನೆಯವರೆಲ್ಲರ ಫೋನಿನಲ್ಲೂ ಇರಲಿ. ವಿಮಾನ ಪ್ರಯಾಣ, ಮತ್ತೆ ಗಾಡಿ ಓಡಿಸುವುದು ಯಾವಾಗ, ಕಿವಿ ಪರೀಕ್ಷೆ ಯಾವಾಗ ಅಂತ ಡಾಕ್ಟರನ್ನು ಕೇಳಿ, ತಾರೀಕನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.