ಸ್ವಿಫ್ಟ್ ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಮನೆಯಲ್ಲೇ ಬದಲಿಸುವ ಬಗ್ಗೆ

2014ರ ಸ್ವಿಫ್ಟ್, ಶಿರಾಡಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತೆ, ಎಡ ಚಕ್ರದಿಂದ ಕರಕರ ಸದ್ದು ಬರುತ್ತೆ ಅಂದಿದ್ದೀರಿ. ಗ್ಯಾರೇಜಿನವರು ಚಕ್ರದ ಜೊತೆ ತಿರುಗುವ ಡಿಸ್ಕು, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡು ಎರಡೂ ಹೋಗಿದೆ ಅಂದರಂತೆ. ಮನೆಯಲ್ಲೇ ಬದಲಿಸಬಹುದಾ, ಡಿಸ್ಕನ್ನು ಲೇತ್‌ಗೆ ಹಾಕಿಸಿ ಮುಖ ಸಮ ಮಾಡಿಸಿದರೆ ಸಾಲದಾ ಅನ್ನೋದು ನಿಮ್ಮ ಪ್ರಶ್ನೆ.

ಬದಲಿಸಬಹುದು ಸರ್. ಬಿಚ್ಚಿ ಹಾಕೋದು ಕಷ್ಟವೇ ಅಲ್ಲ. ಆದರೆ ಹೊಸ ಡಿಸ್ಕ್ ಹಾಕಿದ ಮೇಲೂ ಕೆಲವು ಸಾವಿರ ಕಿಲೋಮೀಟರಿಗೆ ಮತ್ತೆ ನಡುಕ ಶುರುವಾಯಿತು ಅಂತ ಬಹಳ ಜನ ಬರೆಯುತ್ತಾರಲ್ಲ, ಅದಕ್ಕೆ ಹೆಚ್ಚಿನ ಸಲ ಕಾರಣ ಹಬ್ಬಿನ (ಡಿಸ್ಕೂ ಚಕ್ರವೂ ಕೂರುವ ನಡುಭಾಗ) ಮುಖದ ತುಕ್ಕು ಮತ್ತು ಒಣಗಿ ಹಿಡಿದುಕೊಂಡ ಸ್ಲೈಡ್ ಪಿನ್ (ಕ್ಯಾಲಿಪರ್ ಆಚೀಚೆ ಜಾರುವ ಕಡ್ಡಿ). ಕೆಲಸದ ಅರ್ಧ ಸಮಯ ಈ ಎರಡಕ್ಕೇ ಕೊಡಿ.

ಮೊದಲು ಅಳತೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ, ತುಕ್ಕು ಉಜ್ಜಿದರೆ ಕಾಣುತ್ತೆ. ವರ್ನಿಯರ್ ನೇರವಾಗಿ ಹಿಡಿದರೆ ತಪ್ಪು ಲೆಕ್ಕ ಬರುತ್ತೆ. ಪ್ಯಾಡ್ ತಾಗದ ಹೊರ ಅಂಚಿನಲ್ಲಿ ಏಣು ನಿಂತಿರುತ್ತೆ, ವರ್ನಿಯರಿನ ದವಡೆ ಅದರ ಮೇಲೆ ಕೂತು ದಪ್ಪ ಜಾಸ್ತಿ ತೋರಿಸುತ್ತೆ. ಮೈಕ್ರೋಮೀಟರ್ ಇಲ್ಲದಿದ್ದರೆ ಎರಡು ನಾಣ್ಯ ತಗೊಳ್ಳಿ, ಡಿಸ್ಕಿನ ಆಚೆ ಒಂದು ಈಚೆ ಒಂದು ಅಂಚಿನಿಂದ 10 ಮಿ.ಮೀ. ಒಳಗೆ ಇಟ್ಟು, ಅವುಗಳ ಮೇಲಿಂದ ಅಳೆಯಿರಿ. ಆಮೇಲೆ ಎರಡೂ ನಾಣ್ಯದ ದಪ್ಪ ಕಳೆಯಿರಿ. ಸುತ್ತಲೂ ಆರೇಳು ಕಡೆ ಅಳೆದರೆ ಒಳ್ಳೆಯದು. ಪ್ಯಾಡಿನ ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಸಮಯ. ನಿಮಗೆ ಕರಕರ ಸದ್ದೇ ಬರುತ್ತಿದೆ ಅಂದರೆ ಲೈನಿಂಗ್ ಮುಗಿದು ಹಿಂದಿನ ಕಬ್ಬಿಣದ ಪ್ಲೇಟೇ ಡಿಸ್ಕಿಗೆ ಉಜ್ಜುತ್ತಿರಬಹುದು. ಹಾಗಿದ್ದರೆ ಕೆಲಸ ಆಗುವ ತನಕ ಗಾಡಿ ಓಡಿಸಬೇಡಿ.

ಲೇತ್ ವಿಚಾರ: ಕಡೆದ ಮೇಲೂ ಕನಿಷ್ಠ ದಪ್ಪಕ್ಕಿಂತ ಮೇಲೆ ಉಳಿಯುವಂತಿದ್ದರೆ ಮಾತ್ರ ಹಾಕಿಸಬಹುದು. ಆದರೆ ಘಾಟಿ ಇಳಿಯುವ ಗಾಡಿಗೆ ನಾನು ಹೊಸ ಡಿಸ್ಕನ್ನೇ ಹೇಳುತ್ತೇನೆ. ತೆಳುವಾದಷ್ಟೂ ಡಿಸ್ಕ್ ಬೇಗ ಕಾಯುತ್ತೆ. ಕರಾವಳಿಯ ಗಾಡಿಗಳಲ್ಲಿ ಎರಡು ಮುಖಗಳ ನಡುವಿನ ಗಾಳಿ ಹೋಗುವ ಸಂದುಗಳೂ ತುಕ್ಕು ಹಿಡಿದು ಕಟ್ಟಿಕೊಂಡಿರುತ್ತವೆ. ಪ್ಯಾಡಾಗಲಿ ಡಿಸ್ಕಾಗಲಿ ಎಡ ಬಲ ಎರಡೂ ಒಟ್ಟಿಗೇ ಬದಲಿಸಬೇಕು. ಒಂದೇ ಕಡೆ ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತೆ. ಅಂಗಡಿಯಲ್ಲಿ ಮಾಡೆಲ್ ಹೆಸರಷ್ಟೇ ಹೇಳದೆ ಚಾಸಿಸ್ ನಂಬರ್ ಕೊಟ್ಟು ತರಿಸಿ.

ಬೇಕಾಗೋದು: ಎರಡು ಡಿಸ್ಕ್, ನಾಲ್ಕು ಪ್ಯಾಡಿನ ಒಂದು ಸೆಟ್, ಸಾಧ್ಯವಾದರೆ ಹೊಸ ಸ್ಟೀಲ್ ಕ್ಲಿಪ್, ಬ್ರೇಕ್ ಕ್ಲೀನರ್ ಎರಡು ಕ್ಯಾನ್, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ವೈರ್ ಬ್ರಷ್, ಎಮರಿ ಪೇಪರ್, ಸಿ ಕ್ಲ್ಯಾಂಪ್, ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಸ್ಪ್ಯಾನರ್), ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್). ಜಾಕ್ ಸ್ಟ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಗಾಡಿಯ ಜೊತೆ ಬರುವ ಜಾಕಿ ಸ್ಟೆಪ್ನಿ ಹಾಕೋದಕ್ಕೆ ಮಾತ್ರ.

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ಮಣ್ಣಿನ ಅಂಗಳವಾದರೆ ಜಾಕಿ ಕೆಳಗೆ ಗಟ್ಟಿ ಹಲಗೆ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಇದು ಫ್ರಂಟ್ ವೀಲ್ ಡ್ರೈವ್ ಗಾಡಿ. ಮುಂದಿನ ಒಂದು ಚಕ್ರ ಎತ್ತಿದ ಮೇಲೆ ಗೇರಿನಲ್ಲಿ ಇಟ್ಟಿದ್ದರೂ ಗಾಡಿ ನಿಲ್ಲಲ್ಲ, ಹಿಡಿಯೋದು ಹಿಂದಿನ ಚಕ್ರ ಮಾತ್ರ. ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಪಟ್ಟಿಯಡಿ ಮಲಗಿಸಿಡಿ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆಗೆ ಹೋಗಿ. ಕ್ಲಿಪ್ ಯಾವ ದಿಕ್ಕಿಗೆ ಅಂತ ಅನುಮಾನ ಬಂದರೆ ಬಿಚ್ಚದ ಕಡೆ ನೋಡಿಕೊಳ್ಳಬಹುದು.

ಕ್ಯಾಲಿಪರಿನ (ಪಿಸ್ಟನ್ ಇದ್ದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹಿಂಭಾಗ ಹೊರಗೆ ಬರುವ ಹಾಗೆ ಸ್ಟೇರಿಂಗ್ ತಿರುಗಿಸಿ. ಪಿನ್ನಿನ ಎರಡು ಸಣ್ಣ ಬೋಲ್ಟ್ ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತೆ. ಅದನ್ನು ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡಬೇಡಿ, ಒಳಗಿನ ಪದರ ಹರಿದರೆ ಹೊರಗಿಂದ ಗೊತ್ತೇ ಆಗಲ್ಲ. ಕಾಯಿಲ್ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಉಸಿರಿಗೆ ಹೋಗಬಾರದ್ದು ಅದು. ಕ್ಲೀನರಿನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ.

ಹಳೆಯ ಪ್ಯಾಡುಗಳನ್ನು ಎಸೆಯುವ ಮುಂಚೆ ಪಕ್ಕಪಕ್ಕ ಇಟ್ಟು ನೋಡಿ. ಪಿಸ್ಟನ್ ಕಡೆಯದು ಮಾತ್ರ ಸವೆದಿದ್ದರೆ ಸ್ಲೈಡ್ ಪಿನ್ ಜಾಮ್ ಆಗಿದೆ, ಅಥವಾ ಪಿಸ್ಟನ್ ಸರಿಯಾಗಿ ಹಿಂದೆ ಸರಿಯುತ್ತಿಲ್ಲ. ಒಂದೇ ಪ್ಯಾಡು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗಿದ್ದರೂ ಮೊದಲು ಪಿನ್ನನ್ನೇ ನೋಡಿ. ನಿಮ್ಮ ಎಡಗಡೆಯ ಸದ್ದಿಗೆ ಕಾರಣ ಇಲ್ಲೇ ಸಿಗುವ ಸಾಧ್ಯತೆ ಇದೆ.

ಪಿನ್‌ಗಳನ್ನು ಎಳೆದು ತೆಗೆಯಿರಿ. ಮೇಲಿನದು ಕೆಳಗಿನದು ಬೇರೆ ಬೇರೆ ಇರಬಹುದು, ಅದಲು ಬದಲು ಮಾಡಬೇಡಿ. ಹಳೆಯ ಗ್ರೀಸ್ ಪೂರ್ತಿ ಒರೆಸಿ, ತೂತಿನ ಒಳಗೂ ಶುಚಿ ಮಾಡಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತೆ. ಜಾಸ್ತಿ ತುಂಬಿದರೂ ತೊಂದರೆ: ಗಾಳಿ ಒಳಗೆ ಸಿಕ್ಕಿ, ಬೆರಳಲ್ಲಿ ಒತ್ತಿದ ಪಿನ್ ತಾನೇ ಹಿಂದಕ್ಕೆ ಬರುತ್ತೆ. ಹಾಗಾದರೆ ರಬ್ಬರ್ ಬೂಟಿನ ಅಂಚು ಎತ್ತಿ ಗಾಳಿ ಬಿಡಿ. ಬೂಟ್ ಹರಿದಿದ್ದರೆ ಹೊಸದು ಹಾಕಲೇಬೇಕು, ಒಂದು ಮಳೆಗಾಲದಲ್ಲಿ ನೀರು ಹೋಗಿ ಪಿನ್ ತುಕ್ಕು ಹಿಡಿಯುತ್ತೆ.

ಆಮೇಲೆ ಬ್ರಾಕೆಟ್ಟಿನ (ಪ್ಯಾಡುಗಳೂ ಪಿನ್ನುಗಳೂ ಕೂರುವ ಚೌಕಟ್ಟು) ಎರಡು ದೊಡ್ಡ ಬೋಲ್ಟ್ ಬಿಚ್ಚಿ. ಬಿಗಿ ಇರುತ್ತೆ, ಉದ್ದ ಹಿಡಿಯ ಸ್ಪ್ಯಾನರ್ ಬೇಕು. ಡಿಸ್ಕ್ ಹಬ್ಬಿಗೆ ಅಂಟಿಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ. ಡಿಸ್ಕಿನ ಮುಖದಲ್ಲಿ ಒಳಗೆ ಥ್ರೆಡ್ (ತಿರುಪಿನ ಗೆರೆ) ಇರುವ ಎರಡು ಸಣ್ಣ ತೂತು ಇವೆ. ಅವಕ್ಕೆ 8 ಮಿ.ಮೀ. ಬೋಲ್ಟ್ ಎರಡನ್ನು ಹಾಕಿ ಒಂದಿಷ್ಟು ಇದು, ಒಂದಿಷ್ಟು ಅದು ಅಂತ ಸಮನಾಗಿ ತಿರುಗಿಸಿದರೆ ಡಿಸ್ಕ್ ತಾನಾಗಿ ಹೊರಗೆ ಬರುತ್ತೆ.

ಈಗ ಹಬ್ಬಿನ ಮುಖ. ಸ್ಟಡ್‌ಗಳ (ಚಕ್ರದ ನಟ್ ಹಾಕುವ ಬೋಲ್ಟುಗಳ) ಬುಡದಲ್ಲೂ ನಡುವಿನ ಏಣಿನ ಸುತ್ತಲೂ ಕೆಂಪು ಪೊರೆ ಕೂತಿರುತ್ತೆ. ವೈರ್ ಬ್ರಷ್, ಆಮೇಲೆ ಎಮರಿ ಪೇಪರ್ ಹಿಡಿದು ಲೋಹ ಕಾಣುವ ತನಕ ಉಜ್ಜಿ, ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಹಬ್ಬಿನಲ್ಲಿ 0.05 ಮಿ.ಮೀ. ತುಕ್ಕು ಒಂದು ಕಡೆ ಉಳಿದರೆ ಡಿಸ್ಕಿನ ಅಂಚಿನಲ್ಲಿ ಓಲಾಟ ಅದರ ಎರಡರಷ್ಟಾಗುತ್ತೆ. ಹೊಸದರಲ್ಲಿ ಏನೂ ಗೊತ್ತಾಗಲ್ಲ. ಆದರೆ ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ತಾಗಿ ತಾಗಿ ಅಲ್ಲಿ ಡಿಸ್ಕ್ ತೆಳುವಾಗುತ್ತಾ ಹೋಗುತ್ತೆ. ದಪ್ಪ ತೆಳು ಆದ ಡಿಸ್ಕ್ ಪ್ಯಾಡಿನ ನಡುವೆ ಸುತ್ತುವಾಗ ಪೆಡಲೂ ಸ್ಟೇರಿಂಗೂ ನಡುಗುತ್ತವೆ. ಡಿಸ್ಕ್ ಬೆಂಡ್ ಆಗಿದೆ ಅಂತ ನಾವು ಹೇಳೋದರಲ್ಲಿ ಬಹುಪಾಲು ಇದೇ.

ಈ ಓಲಾಟ ಅಳೆಯುವ ಡಯಲ್ ಗೇಜ್ ಎರವಲು ಸಿಕ್ಕರೆ, ಹೊಸ ಡಿಸ್ಕ್ ಕೂರಿಸಿ ವಾಷರ್ ಕೊಟ್ಟು ನಾಲ್ಕೂ ನಟ್ ಬಿಗಿ ಮಾಡಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಡಿಸ್ಕ್ ತಿರುಗಿಸಿ ನೋಡಿ. ಓಲಾಟ 0.1 ಮಿ.ಮೀ. ದಾಟಬಾರದು, 0.05ರ ಒಳಗಿದ್ದರೆ ಬಹಳ ಚೆನ್ನ. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಸ್ಟಡ್ ಮುಂದಕ್ಕೆ ಸರಿಸಿ ಕೂರಿಸಿ ಮತ್ತೆ ಅಳೆಯಿರಿ, ಎಷ್ಟೋ ಸಲ ಅಷ್ಟರಲ್ಲೇ ಸರಿಯಾಗುತ್ತೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚಿರುತ್ತಾರೆ. ಎರಡೂ ಮುಖ ಕ್ಲೀನರಿನಿಂದ ತೊಳೆದು, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಪಿಸ್ಟನ್ ಒಳಗೆ ತಳ್ಳುವ ಮುಂಚೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನೇ ಇಳಿಯುತ್ತೆ. ನಡುವೆ ಯಾರಾದರೂ ತುಂಬಿಸಿದ್ದರೆ ಈಗ ಉಕ್ಕುತ್ತೆ, ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ, ಅದು ಪೇಂಟನ್ನು ಎಬ್ಬಿಸುತ್ತೆ. ಹಳೆಯ ಪ್ಯಾಡನ್ನು ಪಿಸ್ಟನ್ ಮೇಲೆ ಅಡ್ಡ ಇಟ್ಟು ಸಿ ಕ್ಲ್ಯಾಂಪಿನಲ್ಲಿ ನಿಧಾನಕ್ಕೆ ಒತ್ತಿ. ಸರಾಗವಾಗಿ ಹೋಗಬೇಕು. ಹೋಗದಿದ್ದರೆ, ಪಿಸ್ಟನ್ ಸುತ್ತ ಒದ್ದೆ ಇದ್ದರೆ, ಅಥವಾ ಅದರ ರಬ್ಬರ್ ಹರಿದಿದ್ದರೆ ಅಲ್ಲಿಗೇ ನಿಲ್ಲಿಸಿ, ಕ್ಯಾಲಿಪರ್ ರಿಪೇರಿ ಗೊತ್ತಿದ್ದವರ ಕೈಗೆ ಕೊಡಿ. ಕ್ಯಾಲಿಪರ್ ಕಳಚಿರುವಾಗ ಯಾರೂ ಬ್ರೇಕ್ ಒತ್ತದ ಹಾಗೆ ನೋಡಿಕೊಳ್ಳಿ. (ಹಿಂದೆಯೂ ಡಿಸ್ಕ್ ಇರುವ ಕೆಲವು ಗಾಡಿಗಳಲ್ಲಿ ಹಿಂದಿನ ಪಿಸ್ಟನ್ನನ್ನು ತಿರುಗಿಸುತ್ತಾ ಒತ್ತಬೇಕು. ನಿಮ್ಮದರಲ್ಲಿ ಹಿಂದೆ ಡ್ರಮ್, ಆ ಚಿಂತೆ ಇಲ್ಲ.)

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗದ ತುಕ್ಕು ಕೆರೆದು ಹೊಸ ಕ್ಲಿಪ್ ಕೂರಿಸಿ. ಪ್ಯಾಡ್ ಕೈಯಲ್ಲೇ ಜಾರಬೇಕು. ಹೊಡೆದು ಕೂರಿಸಿದ ಪ್ಯಾಡ್ ಹಿಂದಕ್ಕೆ ಸರಿಯಲ್ಲ, ಸದಾ ಡಿಸ್ಕಿಗೆ ಉಜ್ಜುತ್ತಾ ಕಾಯುತ್ತೆ. ಗ್ರೀಸ್ ಕಿವಿಗೆ ಮತ್ತು ಹಿಂದಿನ ಪ್ಲೇಟಿಗೆ ಉಗುರಿನಷ್ಟು ಸಾಕು, ಲೈನಿಂಗಿಗೆ ಒಂದು ಚೂರೂ ತಾಗಬಾರದು. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಸದ್ದು ಮಾಡುವ ತಗಡಿನ ನಾಲಗೆ ಇರುವ ಪ್ಯಾಡು ಹಳೆಯದು ಎಲ್ಲಿತ್ತೋ ಅಲ್ಲೇ.

ಬಿಗಿತ: ಬ್ರಾಕೆಟ್ ಬೋಲ್ಟಿಗೂ ಚಕ್ರದ ನಟ್ಟಿಗೂ 85 ನ್ಯೂಟನ್ ಮೀಟರ್ ಆಸುಪಾಸು, ಪಿನ್ನಿನ ಬೋಲ್ಟಿಗೆ ಅದರ ಮೂರನೇ ಒಂದು ಪಾಲು. ನಿಖರ ಅಂಕಿ ನಿಮ್ಮ ವರ್ಷದ ಸರ್ವಿಸ್ ಮ್ಯಾನುಯಲ್‌ನಿಂದಲೇ ತಗೊಳ್ಳಿ. ಚಕ್ರದ ನಟ್ ಎದುರುಬದುರಾಗಿ ಬಿಗಿ ಮಾಡಿ. ಪಂಕ್ಚರ್ ಅಂಗಡಿಯಲ್ಲಿ ಗನ್ ಹಿಡಿದು ಸಿಕ್ಕಾಪಟ್ಟೆ ಬಿಗಿದರೂ ಡಿಸ್ಕ್ ಓರೆಯಾಗುತ್ತೆ.

ಎರಡೂ ಕಡೆ ಮುಗಿದ ಮೇಲೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆಯೇ ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ಒತ್ತಿ. ಇದನ್ನು ಬಿಟ್ಟರೆ ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಆಯಿಲ್ ಮಟ್ಟ ಮತ್ತೆ ನೋಡಿ. ಬದಲಿಸಿ ಎರಡು ವರ್ಷದ ಮೇಲಾಗಿದ್ದರೆ ಇದೇ ಸಮಯಕ್ಕೆ ಬದಲಿಸಿಬಿಡಿ, ಯಾವ ಗ್ರೇಡ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಇರುತ್ತೆ. ಹೊಸ ಡಾಟ್ 4 ಗ್ರೇಡಿನ ಆಯಿಲ್ ಕುದಿಯಲು 230 ಡಿಗ್ರಿಯಾದರೂ ಬೇಕು. ತೇವ ಹೀರಿದ ಮೇಲೆ ಅದು 155ರ ತನಕ ಇಳಿಯಬಹುದು. ಘಾಟಿಯಲ್ಲಿ ಪೆಡಲ್ ಮೆತ್ತಗಾಗಲು ಇದೂ ಒಂದು ಕಾರಣ.

ಅಂಗಳದಲ್ಲಿ ನಡೆಯುವ ವೇಗದಲ್ಲಿ ಬ್ರೇಕ್ ಪರೀಕ್ಷಿಸಿ, ಆಮೇಲೆ ಖಾಲಿ ರಸ್ತೆಗೆ ಹೋಗಿ. 60ರಿಂದ 20ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗಕ್ಕೆ ತನ್ನಿ. ನಡುವೆ ಅರ್ಧ ನಿಮಿಷ ಆರಲು ಬಿಟ್ಟು ಎಂಟು ಹತ್ತು ಸಲ ಹೀಗೆ ಮಾಡಿ. ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿ ಹಿಡಿದು ನಿಂತರೆ ಪ್ಯಾಡಿನ ಗುರುತು ಅಚ್ಚೊತ್ತಿದ ಹಾಗೆ ಅಲ್ಲೇ ಕೂರುತ್ತೆ. ಮೊದಲ 200-300 ಕಿ.ಮೀ. ಶಿರಾಡಿ ಕಡೆ ಹೋಗಬೇಡಿ, ಹೋಗಲೇಬೇಕಾದರೆ ಎರಡನೇ ಗೇರಿನಲ್ಲಿ ಇಳಿಯಿರಿ. ಮಳೆಗಾಲದಲ್ಲಿ ಬೆಳಗ್ಗೆ ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕಂಡರೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತೆ.

ಮೊದಲ ಓಡಾಟ ಮುಗಿಸಿ ಬಂದ ಕೂಡಲೇ ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಡಿಸ್ಕ್ ಮುಟ್ಟಬೇಡಿ. ಕಾವು ಎರಡೂ ಕಡೆ ಒಂದೇ ತರ ಇರಬೇಕು. ಒಂದು ಕಡೆ ಜಾಸ್ತಿ ಇದ್ದರೆ ಆ ಕಡೆಯ ಪಿನ್, ಕ್ಲಿಪ್, ಪಿಸ್ಟನ್ ಮತ್ತೊಮ್ಮೆ ಬಿಚ್ಚಿ ನೋಡಬೇಕು. 50-100 ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಹಾಕಿ. ಡಿಸ್ಕಿನ ದಪ್ಪ ಎಷ್ಟು ಬಂತು, ಹಳೆಯ ಪ್ಯಾಡು ಯಾವ ಕಡೆ ಸವೆದಿತ್ತು ಅಂತ ಫೋಟೋ ಸಮೇತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.