ಟ್ರೆಕ್ಕಿಂಗ್ ಹೋದಾಗ ಕಾಲು ಬೆವತು ಶೂ ಬಿಚ್ಚಿದ್ರೆ ನಾತ ಹೊಡಿಯುತ್ತೆ, ಏನ್ ಮಾಡೋದು?

ಬೆವರಿಗೆ ಅಷ್ಟು ವಾಸನೆ ಇರಲ್ಲ, ಒದ್ದೆ ಶೂ ಒಳಗೆ ಬ್ಯಾಕ್ಟೀರಿಯಾ ಅದನ್ನೂ ಸತ್ತ ಚರ್ಮಾನೂ ತಿಂದು ಐಸೋವ್ಯಾಲರಿಕ್ ಆಸಿಡ್ ಅಂತ ಬಿಡುತ್ವೆ, ನಾತ ಅದರದ್ದು. ಸೋ ಪೌಡರ್ ಸುರಿಯೋದಕ್ಕಿಂತ ಕಾಲು ಒಣಗಿರೋ ಹಾಗೆ ನೋಡ್ಕೊಳ್ಳಿ. ಕಾಟನ್ ಸಾಕ್ಸ್ ಬೇಡವೇ ಬೇಡ, ಬೆವರು ಹೀರ್ಕೊಂಡು ಹಾಗೇ ಒದ್ದೆ ಇರುತ್ತೆ, ಉಣ್ಣೆದು ಇಲ್ಲಾ ಸಿಂಥೆಟಿಕ್ ತಗೊಳ್ಳಿ. ನಾನು ಕುಮಾರ ಪರ್ವತ ಹತ್ತುವಾಗ ಗಿರಿಗದ್ದೆಲಿ ಊಟಕ್ಕೆ ಕೂತಾಗ ಶೂ ಬಿಚ್ಚಿ, ಬೆರಳಸಂದಿ ಒರೆಸಿ, ಬೇರೆ ಜೊತೆ ಸಾಕ್ಸ್ ಹಾಕ್ಕೊಂಡು ಹಳೇದನ್ನ ಬ್ಯಾಗಿಗೆ ಪಿನ್ ಹಾಕಿ ನೇತಾಕ್ತೀನಿ (ಹಿಂದೆ ಬರೋರು ಸ್ವಲ್ಪ ದೂರ ಇರ್ತಾರೆ ಅಷ್ಟೇ). ಹಿಂದಿನ ರಾತ್ರಿ ಒಣಗಿದ ಪಾದಕ್ಕೆ ಆಂಟಿಪರ್ಸ್ಪಿರೆಂಟ್ ಹಚ್ಚಿದ್ರೆ ಬೆವರೇ ಕಮ್ಮಿಯಾಗುತ್ತೆ, ಡಿಯೋ ಅಲ್ಲ, ಅದು ಬೆವರು ತಡೆಯಲ್ಲ. ವಾಪಸ್ ಬಂದ್ಮೇಲೆ ಶೂಗೆ ನ್ಯೂಸ್‌ಪೇಪರ್ ತುರುಕಿಡಿ. ಬೆರಳಸಂದಿ ಬೆಳ್ಳಗಾಗಿ ತುರಿಸ್ತಿದ್ರೆ ಫಂಗಸ್ ಇರ್ಬಹುದು, ಡಾಕ್ಟರಿಗೆ ತೋರ್ಸಿ.